ಮೊದಲ ಮಾಡೆಲ್ ರಾಕೆಟ್ ಕಿಟ್: ಬಾಲ್ಸಾ ರೆಕ್ಕೆ ಅಂಟಿಸೋದರಿಂದ ಹಾರಿಸುವ ತನಕ ಸಲಹೆ ಬೇಕು

ಅರೋರಾ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಕೊಲೊರಾಡೊದಲ್ಲಿ, ಅರೋರಾ ಊರಿನಲ್ಲಿದ್ದೇವೆ. ಮಗಳಿಗೆ ಹತ್ತು ವರ್ಷ. ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಎಸ್ಟೆಸ್ ಕಂಪನಿಯ ಆಲ್ಫಾ ರಾಕೆಟ್ ಕಿಟ್ ಕಳಿಸಿದ್ದಾನೆ. ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಇಂಥದ್ದು ಕಟ್ಟಿದವರಲ್ಲ.

ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೇವೆ. ಒಂದು ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ರೆಕ್ಕೆಗಳ ಗುರುತು ಕತ್ತರಿಸಿಟ್ಟ ತೆಳು ಬಾಲ್ಸಾ ಹಲಗೆ, ಇನ್ನೊಂದು ಸಣ್ಣ ಕೊಳವೆ, ರಟ್ಟಿನ ಉಂಗುರಗಳು, ಲೋಹದ ಒಂದು ಕೊಂಡಿ, ಎಲಾಸ್ಟಿಕ್ ದಾರ, ಪ್ಯಾರಾಶೂಟ್. ಮೋಟಾರ್ ಬೇರೆ ಕೊಳ್ಳಬೇಕಂತೆ.

ಯಾವ ಅಂಟು ಹಾಕಬೇಕು? ಮೂರು ರೆಕ್ಕೆ ಸರಿಯಾಗಿ ನೆಟ್ಟಗೆ ಕೂರಿಸೋದು ಹೇಗೆ? ಅಂಗಡಿಯಲ್ಲಿ ಮೋಟಾರ್ ಪ್ಯಾಕೆಟ್ ಮೇಲೆ ಎ8-3, ಬಿ6-4, ಸಿ6-5, ಸಿ6-0 ಅಂತೆಲ್ಲ ಬರೆದಿದೆ, ಒಂದೂ ಗೊತ್ತಾಗಲಿಲ್ಲ. ಹಾರಿಸೋದಕ್ಕೆ ಯಾರದ್ದಾದರೂ ಅನುಮತಿ ಬೇಕಾ? ಎಲ್ಲ ಕೆಲಸ ತಾನೇ ಮಾಡಬೇಕು ಅಂತ ಮಗಳ ಹಟ. ನಾನು ಪಕ್ಕದಲ್ಲಿ ಕೂತು ಹೇಳಿಕೊಡಬೇಕು, ಅಷ್ಟೇ. ಹೇಳಿಕೊಡೋದಕ್ಕೆ ನನಗೆ ಮೊದಲು ಗೊತ್ತಿರಬೇಕಲ್ವಾ.

ಟ್ರಾಯ್_ಮಲ್ನಾಡು

ನಮಸ್ಕಾರ ಅಕ್ಕ. ಒಳ್ಳೆ ಕಿಟ್ ಸಿಕ್ಕಿದೆ. ನಾನು ಮಿಶಿಗನ್‌ನಲ್ಲಿದ್ದೇನೆ. ಮಕ್ಕಳನ್ನು ಕರೆದುಕೊಂಡು ಇಲ್ಲಿಯ ರಾಕೆಟ್ ಕ್ಲಬ್‌ಗೆ ಹೋಗುತ್ತಿರುತ್ತೇನೆ. ಆಲ್ಫಾ ಅಂದರೆ ಸುಮಾರು 31 ಸೆಂ.ಮೀ. ಉದ್ದದ ಪುಟ್ಟ ರಾಕೆಟ್. ಇಲ್ಲಿ ಶಾಲೆ, ಸ್ಕೌಟ್ಸ್ ಎಲ್ಲ ಕಡೆ ಮಕ್ಕಳು ಕಟ್ಟೋದು ಇದನ್ನೇ, ಇಲ್ಲಾ ಇದರ ಅಣ್ಣತಮ್ಮಂದಿರನ್ನು. ಮೋಟಾರ್ ವಿಷಯ ಬೇರೆಯವರು ಹೇಳಲಿ, ನಾನು ಕಟ್ಟೋದರ ಬಗ್ಗೆ ಬರೆಯುತ್ತೇನೆ.

ಮೊದಲು ಅಂಟು. ರಟ್ಟಿಗೂ ಬಾಲ್ಸಾಗೂ ಮರದ ಅಂಟು ಸಾಕು. ಊರಲ್ಲಿ ಫೆವಿಕಾಲ್, ಇಲ್ಲಿ ಎಲ್ಮರ್ಸ್ ಅಥವಾ ಟೈಟ್‌ಬಾಂಡ್. ಸರಿಯಾಗಿ ಒಣಗಿದ ಮೇಲೆ ಎಳೆದು ನೋಡಿ, ಬಾಲ್ಸಾ ಹರಿಯುತ್ತದೆ, ಅಂಟು ಬಿಡೋದಿಲ್ಲ. ಸೂಪರ್ ಗ್ಲೂ ಮಕ್ಕಳ ಕೈಗೆ ಕೊಡಬೇಡಿ. ಬೆರಳಿಗೆ ಅಂಟುತ್ತದೆ, ರೆಕ್ಕೆ ಸ್ವಲ್ಪ ಓರೆಯಾದರೆ ಸರಿಮಾಡೋದಕ್ಕೆ ಸಮಯವೇ ಕೊಡೋದಿಲ್ಲ. ಬಿಸಿ ಮಾಡಿ ಹಚ್ಚುವ ಗ್ಲೂ ಗನ್ ಅಂತೂ ಬೇಡವೇ ಬೇಡ. ಮೋಟಾರಿನ ಶಾಖಕ್ಕೆ ಆ ಅಂಟು ಮೆತ್ತಗಾಗುತ್ತದೆ.

ಎರಡನೆಯದು ಮೋಟಾರ್ ಕೂರುವ ಭಾಗ. ಆ ಸಣ್ಣ ಕೊಳವೆ, ಎರಡು ಉಂಗುರ, ಲೋಹದ ಕೊಂಡಿ ಎಲ್ಲ ಸೇರಿ ಇದಾಗುತ್ತದೆ. ಕೊಳವೆಯ ಒಳಗೆ ಮುಂದಿನ ತುದಿಯಲ್ಲಿ ಒಂದು ದಪ್ಪ ಉಂಗುರ ಬರುತ್ತದೆ. ಮೋಟಾರ್ ಮುಂದಕ್ಕೆ ತಳ್ಳುವ ಬಲವೆಲ್ಲ ಅದರ ಮೇಲೆ ಬೀಳುತ್ತದೆ. ಮೋಟಾರ್ ಹಿಂದಕ್ಕೆ ಜಾರದಂತೆ ಹಿಡಿಯೋದು ಕೊಂಡಿ. ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿ. ಉಂಗುರ ಬಿಗಿಯಾಗಿದ್ದರೆ ಉಪ್ಪು ಕಾಗದದಲ್ಲಿ ಎರಡು ಸಲ ಉಜ್ಜಿ.

ಈ ಭಾಗವನ್ನು ದೊಡ್ಡ ಕೊಳವೆಯೊಳಗೆ ಕೂರಿಸುವಾಗ ಜಾಗ್ರತೆ. ಒಂದು ಕಡ್ಡಿಯ ತುದಿಗೆ ಅಂಟು ತಗೊಂಡು ಕೊಳವೆಯ ಒಳಗೋಡೆಗೆ, ಉಂಗುರ ನಿಲ್ಲಬೇಕಾದ ಜಾಗದಲ್ಲಿ ಸುತ್ತ ಹಚ್ಚಿ. ಆಮೇಲೆ ನಿಲ್ಲಿಸದೆ, ಒಂದೇ ಸಲಕ್ಕೆ ಒಳಗೆ ತಳ್ಳಿ. ನಡುವೆ ಎರಡು ಕ್ಷಣ ಯೋಚನೆ ಮಾಡುತ್ತಾ ನಿಂತರೆ ಒದ್ದೆ ರಟ್ಟು ಉಬ್ಬಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಷ್ಟು ದೂರ ತಳ್ಳಬೇಕು ಅಂತ ಪೆನ್ಸಿಲ್ ಗುರುತು ಮೊದಲೇ ಹಾಕಿರಲಿ. ಇದನ್ನು ನಿಮ್ಮ ಮಗಳು ಅಂಟಿಲ್ಲದೆ ನಾಲ್ಕಾರು ಸಲ ಅಭ್ಯಾಸ ಮಾಡಲಿ.

ಈಗ ರೆಕ್ಕೆ. ಇಡೀ ರಾಕೆಟ್‌ನಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇದಕ್ಕೇ. ಬಾಲ್ಸಾ ಹಲಗೆ ನೋಡಿದರೆ ಮರದ ಎಳೆ ಒಂದು ದಿಕ್ಕಿಗೆ ಓಡಿರೋದು ಕಾಣುತ್ತದೆ. ರೆಕ್ಕೆಯ ಮುಂದಿನ ಅಂಚಿಗೆ ಎಳೆ ಸಮಾನಾಂತರ ಇರಬೇಕು. ಕಿಟ್‌ನಲ್ಲಿ ಹಾಗೇ ಕತ್ತರಿಸಿರುತ್ತಾರೆ. ಮುಂದೆ ನೀವೇ ರೆಕ್ಕೆ ಮಾಡಿದರೆ ಇದನ್ನು ಮರೆಯಬೇಡಿ. ಎಳೆ ಅಡ್ಡ ಬಂದರೆ ನೆಲಕ್ಕೆ ತಾಗಿದಾಗ ಪಟ್ ಅಂತ ಮುರಿಯುತ್ತದೆ.

ಮೂರನ್ನೂ ಒಟ್ಟಿಗೆ ಜೋಡಿಸಿ ಹಿಡಿದು ಅಂಚು ಉಜ್ಜಿ, ಆಗ ಮೂರೂ ಒಂದೇ ಅಳತೆ ಆಗುತ್ತವೆ. ಮುಂದಿನ ಅಂಚನ್ನು ಗುಂಡಗೆ ಮಾಡಿ, ಹಿಂದಿನದನ್ನು ತೆಳ್ಳಗೆ ಇಳಿಸಿ. ಕೊಳವೆಗೆ ಅಂಟುವ ಅಂಚನ್ನು ಮಾತ್ರ ಚಪ್ಪಟೆಯಾಗೇ ಬಿಡಿ. ಅದನ್ನೂ ಗುಂಡಗೆ ಉಜ್ಜಿದರೆ ಅಂಟಿಗೆ ಹಿಡಿತ ಸಿಗೋದಿಲ್ಲ.

ಕಿಟ್‌ನಲ್ಲಿ ಕೊಳವೆಗೆ ಸುತ್ತುವ ಕಾಗದದ ಪಟ್ಟಿ ಇರುತ್ತದೆ. ಅದನ್ನು ಸುತ್ತಿ ಮೂರು ರೆಕ್ಕೆ ಮತ್ತು ಲಾಂಚ್ ಲಗ್‌ನ ಜಾಗ ಗುರುತು ಮಾಡಿ. ಲಾಂಚ್ ಲಗ್ ಅಂದರೆ ಸ್ಟ್ರಾ ಥರದ ಆ ಪುಟ್ಟ ಕೊಳವೆ, ಹಾರಿಸುವ ಸಲಾಕೆ ಅದರೊಳಗೆ ಹೋಗುತ್ತದೆ. ಗುರುತಿನಿಂದ ಮೇಲಕ್ಕೆ ನೆಟ್ಟಗೆ ಗೆರೆ ಎಳೆಯೋದಕ್ಕೆ ಬಾಗಿಲ ಚೌಕಟ್ಟಿನ ಮೂಲೆ ಬಳಸಿ. ಕೊಳವೆಯನ್ನು ಆ ಸಂದಿಗೆ ಒತ್ತಿ ಹಿಡಿದರೆ ಚೌಕಟ್ಟಿನ ಅಂಚೇ ಸ್ಕೇಲ್ ಆಗುತ್ತದೆ. ಇಷ್ಟು ನೆಟ್ಟಗಿನ ಗೆರೆ ಬರೀ ಸ್ಕೇಲ್ ಇಟ್ಟುಕೊಂಡು ಎಳೆಯೋದು ಕಷ್ಟ.

ಅಂಟಿಸುವಾಗ ಎರಡು ಸಲ ಅಂಟು ಹಚ್ಚಿ. ರೆಕ್ಕೆಯ ಅಂಚಿಗೆ ತೆಳ್ಳಗೆ ಹಚ್ಚಿ, ಗೆರೆಯ ಮೇಲೆ ಒತ್ತಿ, ತೆಗೆದುಬಿಡಿ. ಒಂದೆರಡು ನಿಮಿಷ ಆರಲಿ. ಮತ್ತೆ ತೆಳ್ಳಗೆ ಹಚ್ಚಿ ಕೂರಿಸಿ. ಈ ಸಲ ಬೇಗ ಹಿಡಿದುಕೊಳ್ಳುತ್ತದೆ, ಕೈಯಲ್ಲಿ ತುಂಬ ಹೊತ್ತು ಹಿಡಿದಿರಬೇಕಾಗಿಲ್ಲ. ಹಿಂದಿನಿಂದ ನೋಡಿದರೆ ರೆಕ್ಕೆ ಕೊಳವೆಯ ನಡುಮಧ್ಯದಿಂದ ನೆಟ್ಟಗೆ ಹೊರಟ ಹಾಗೆ ಕಾಣಬೇಕು. ಮೂರೂ ಗಟ್ಟಿಯಾದ ಮೇಲೆ ಪ್ರತಿ ಸಂದಿಗೂ ಅಂಟಿನ ಒಂದು ಗೆರೆ ಎಳೆದು ಬೆರಳಲ್ಲಿ ಸವರಿ. ಇದಕ್ಕೆ ಫಿಲೆಟ್ ಅಂತಾರೆ. ರೆಕ್ಕೆಯ ಶಕ್ತಿ ಇರೋದು ಈ ಫಿಲೆಟ್‌ನಲ್ಲೇ. ಒಣಗುವ ತನಕ ರಾಕೆಟ್ ಅಡ್ಡ ಮಲಗಿರಲಿ, ನಿಲ್ಲಿಸಿದರೆ ಅಂಟು ಕೆಳಕ್ಕೆ ಹರಿದು ಗಂಟಾಗುತ್ತದೆ. ರಾತ್ರಿ ಪೂರ್ತಿ ಬಿಡಿ.

ಎಡಿಸನ್_ಗಾಳಿಪಟ

ಟ್ರಾಯ್ ಅವರು ಹೇಳಿದ್ದೆಲ್ಲ ಸರಿ. ಆದರೆ ನನಗೆ ಒಂದು ಭಿನ್ನಾಭಿಪ್ರಾಯ ಇದೆ. ಹತ್ತು ವರ್ಷದ ಮಗುವಿಗೆ ಮೊದಲ ರಾಕೆಟ್‌ಗೆ ಬಾಲ್ಸಾ ಯಾಕೆ? ಆಲ್ಫಾ 3 ಅಂತ ಇದೆ. ಅದರಲ್ಲಿ ಮೂರೂ ರೆಕ್ಕೆ ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಬರುತ್ತದೆ. ಓರೆ ಆಗುವ ಮಾತೇ ಇಲ್ಲ. ಒಂದು ಮಧ್ಯಾಹ್ನದಲ್ಲಿ ಕಟ್ಟಿ ಮುಗಿಸಬಹುದು, ಮಾರನೆ ದಿನ ಹಾರಿಸಬಹುದು. ಮೊದಲ ಹಾರಾಟ ಚೆನ್ನಾಗಿ ಆದರೆ ಆಸಕ್ತಿ ಉಳಿಯುತ್ತದೆ. ನಾನು ಕನ್ನಡ ಶಾಲೆಯ ಮಕ್ಕಳಿಗೆ ಮಾಡಿಸುವಾಗ ಯಾವಾಗಲೂ ಪ್ಲಾಸ್ಟಿಕ್ ರೆಕ್ಕೆಯದ್ದೇ ಕೊಡುತ್ತೇನೆ. ಬಾಲ್ಸಾ ಎರಡನೆಯದಕ್ಕೆ ಇರಲಿ.

ಟ್ರಾಯ್_ಮಲ್ನಾಡು

ಇಪ್ಪತ್ತು ಮಕ್ಕಳಿಗೆ ಒಂದೇ ದಿನ ಮಾಡಿಸಬೇಕು ಅಂದರೆ ನಾನೂ ಅದನ್ನೇ ಕೊಡುತ್ತೇನೆ ಸರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಒಬ್ಬಳೇ ಹುಡುಗಿ, ಪಕ್ಕದಲ್ಲಿ ಅಮ್ಮ, ಅವಸರ ಇಲ್ಲ. ರೆಕ್ಕೆಯ ಅಂಚು ಯಾಕೆ ಗುಂಡಗೆ ಇರಬೇಕು, ಎಳೆ ಯಾಕೆ ಆ ದಿಕ್ಕಿಗೆ ಇರಬೇಕು ಅನ್ನೋದು ಕೈಗೆ ಗೊತ್ತಾಗೋದು ಬಾಲ್ಸಾ ಉಜ್ಜಿದಾಗಲೇ. ಪ್ಲಾಸ್ಟಿಕ್ ಅಚ್ಚು ಸಿಕ್ಕಿಸಿದರೆ ಆ ಭಾಗ ಪೂರ್ತಿ ತಪ್ಪಿಹೋಗುತ್ತದೆ. ಅದೂ ಅಲ್ಲದೆ, ಬಾಲ್ಸಾ ರೆಕ್ಕೆ ಮುರಿದರೆ ಮನೆಯಲ್ಲೇ ಅಂಟು ಹಾಕಿ ಮತ್ತೆ ಹಾರಿಸಬಹುದು.

ಪ್ಲೇನೋ_ಇಂಜಿನಿಯರ್

ಮೋಟಾರ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ ಮೇಡಂ. ಟೆಕ್ಸಸ್‌ನಿಂದ.

ಎ, ಬಿ, ಸಿ ಅನ್ನೋದು ಮೋಟಾರಿನ ಒಟ್ಟು ಶಕ್ತಿಯ ವರ್ಗ. ಎ ಅಂದರೆ 1.26ರಿಂದ 2.5 ನ್ಯೂಟನ್-ಸೆಕೆಂಡ್. ಬಿ ಅಂದರೆ 5ರ ತನಕ. ಸಿ ಅಂದರೆ 10ರ ತನಕ. ಪ್ರತಿ ಅಕ್ಷರಕ್ಕೂ ಮಿತಿ ಎರಡು ಪಟ್ಟು ಆಗುತ್ತಾ ಹೋಗುತ್ತದೆ. ಅಕ್ಷರದ ಪಕ್ಕದ ಅಂಕಿ ಸರಾಸರಿ ತಳ್ಳುವ ಬಲ, ನ್ಯೂಟನ್‌ನಲ್ಲಿ. ಕೊನೆಯ ಅಂಕಿ ಸೆಕೆಂಡುಗಳು. ಉರಿದು ಮುಗಿದ ಮೇಲೆ ಎಷ್ಟು ಸೆಕೆಂಡು ಕಳೆದು ಪ್ಯಾರಾಶೂಟ್ ಹೊರಕ್ಕೆ ತಳ್ಳುತ್ತದೆ ಅಂತ. ಹಾಗಾಗಿ ಸಿ6-5 ಅಂದರೆ ಸಿ ವರ್ಗ, ಸರಾಸರಿ 6 ನ್ಯೂಟನ್, 5 ಸೆಕೆಂಡು ತಡ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಇದೆಲ್ಲ ಸುಲಭ. 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಗಟ್ಟಿ ರಟ್ಟಿನ ಕೊಳವೆ ಅದು. ಕೆಳಗೆ ಮಣ್ಣಿನ ನಾಜಲ್, ಅಂದರೆ ಬೆಂಕಿ ಹೊರಬರುವ ಸಣ್ಣ ತೂತು. ಅದರ ಮೇಲೆ ಒತ್ತಿ ತುಂಬಿದ ಕಪ್ಪು ಮದ್ದು. ಅದರ ಮೇಲೆ ನಿಧಾನವಾಗಿ ಉರಿಯುವ ಇನ್ನೊಂದು ಪದರ. ಇದು ತಳ್ಳೋದಿಲ್ಲ, ಹೊಗೆ ಮಾತ್ರ ಬಿಡುತ್ತದೆ. ಆ ಹೊಗೆಯ ಗೆರೆ ನೋಡಿಯೇ ರಾಕೆಟ್ ಎಲ್ಲಿದೆ ಅಂತ ಹಿಂಬಾಲಿಸೋದು. ಅದು ಮುಗಿದಾಗ ತುದಿಯಲ್ಲಿರುವ ಸ್ವಲ್ಪ ಪುಡಿ ಮುಂದಕ್ಕೆ ಸಿಡಿದು, ಮೂತಿಯನ್ನೂ ಪ್ಯಾರಾಶೂಟನ್ನೂ ಹೊರಕ್ಕೆ ಹಾಕುತ್ತದೆ. ಸಿ6 ಮೋಟಾರ್ ಎರಡು ಸೆಕೆಂಡಿಗಿಂತ ಸ್ವಲ್ಪ ಕಮ್ಮಿ ಹೊತ್ತು ಉರಿಯುತ್ತದೆ, ಆದರೆ ಶುರುವಿನಲ್ಲಿ ಒಂದು ಕ್ಷಣ ಸುಮಾರು 14 ನ್ಯೂಟನ್ ಮುಟ್ಟುತ್ತದೆ. ಹಗುರ ರಾಕೆಟ್ ಸಲಾಕೆ ಬಿಡುವಷ್ಟರಲ್ಲೇ ಒಳ್ಳೆ ವೇಗ ಪಡೆಯಬೇಕು, ಇಲ್ಲದಿದ್ದರೆ ರೆಕ್ಕೆಗೆ ಕೆಲಸ ಮಾಡೋದಕ್ಕೆ ಗಾಳಿ ಸಾಲೋದಿಲ್ಲ. ಅದಕ್ಕೇ ಆ ಜೋರು ಶುರು.

ನೀವು ನೋಡಿದ ಸಿ6-0 ಬೇಡ. ಕೊನೆಯಲ್ಲಿ ಸೊನ್ನೆ ಇರುವ ಮೋಟಾರ್‌ಗಳು ಎರಡು ಹಂತದ ರಾಕೆಟ್‌ನ ಕೆಳ ಹಂತಕ್ಕೆ. ಅದರಲ್ಲಿ ತಡವೂ ಇಲ್ಲ, ಪ್ಯಾರಾಶೂಟ್ ತಳ್ಳುವ ಪುಡಿಯೂ ಇಲ್ಲ.

ಆಲ್ಫಾಗೆ ಮೊದಲ ಸಲ ಎ8-3 ಹಾಕಿ. ರಾಕೆಟ್ ಕಣ್ಣಿಗೆ ಕಾಣುವಷ್ಟು ಎತ್ತರ ಹೋಗುತ್ತದೆ, ಹತ್ತಿರದಲ್ಲೇ ಇಳಿಯುತ್ತದೆ. ಸಿ ಹಾಕಿದರೆ ಸಾವಿರ ಅಡಿ ಹತ್ತಿರ ಹೋಗಬಹುದು, ಗಾಳಿ ಇದ್ದರೆ ಪಕ್ಕದ ಬಡಾವಣೆಯಲ್ಲಿ ಇಳಿಯುತ್ತದೆ.

ಅರೋರಾ_ಅಮ್ಮ

ತುಂಬ ಧನ್ಯವಾದ. ನಿನ್ನೆ ಮೋಟಾರ್ ಕೂರುವ ಭಾಗ ಮುಗೀತು, ಇವತ್ತು ರೆಕ್ಕೆ ಉಜ್ಜುತ್ತಿದ್ದಾಳೆ. ಬಾಗಿಲ ಚೌಕಟ್ಟಿನ ಉಪಾಯ ಅವಳಿಗೆ ಬಹಳ ಇಷ್ಟ ಆಯ್ತು.

ಅವಳದ್ದೇ ಒಂದು ಪ್ರಶ್ನೆ ಇದೆ. ದೀಪಾವಳಿಗೆ ಅಜ್ಜಿ ಮನೆಯಲ್ಲಿ ಹಚ್ಚಿದ ರಾಕೆಟ್‌ಗೆ ಉದ್ದ ಕಡ್ಡಿ ಇತ್ತು, ಇದಕ್ಕೆ ಯಾಕಿಲ್ಲ ಅಂತ ಕೇಳಿದಳು. ರೆಕ್ಕೆ ಇದೆಯಲ್ಲ ಅಂದೆ. ಹಾಗಾದರೆ ಅದಕ್ಕೆ ಯಾಕೆ ರೆಕ್ಕೆ ಹಾಕಿಲ್ಲ ಅಂದಳು.

ದಾವಣಗೆರೆ_ಮೇಷ್ಟ್ರು

ಅಮ್ಮಾ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಅವಳಿಗೆ ಹೀಗೆ ವಿವರಿಸಿ.

ರಾಕೆಟ್‌ನಲ್ಲಿ ಎರಡು ಬಿಂದು ನೋಡಬೇಕು. ಒಂದು ತೂಕದ ಕೇಂದ್ರ. ಬೆರಳ ಮೇಲೆ ಇಟ್ಟರೆ ಎಲ್ಲಿ ಸಮ ನಿಲ್ಲುತ್ತದೋ ಅದು. ಇನ್ನೊಂದು ಗಾಳಿಯ ಒತ್ತಡದ ಕೇಂದ್ರ. ಪಕ್ಕದಿಂದ ಬರುವ ಗಾಳಿಯ ತಳ್ಳಾಟವೆಲ್ಲ ಸೇರಿ ಒಂದೇ ಕಡೆ ಬಿದ್ದ ಹಾಗೆ ಲೆಕ್ಕ ಹಾಕಿದರೆ ಸಿಗುವ ಬಿಂದು. ರಾಕೆಟ್ ಹಾರುವಾಗ ತಿರುಗೋದು ತೂಕದ ಕೇಂದ್ರದ ಸುತ್ತ. ಗಾಳಿಯ ಕೇಂದ್ರ ಅದಕ್ಕಿಂತ ಹಿಂದೆ ಇದ್ದರೆ, ಮೂತಿ ಸ್ವಲ್ಪ ವಾಲಿದ ಕೂಡಲೇ ಗಾಳಿ ಬಾಲವನ್ನು ತಳ್ಳಿ ಮತ್ತೆ ನೆಟ್ಟಗೆ ಮಾಡುತ್ತದೆ. ಮುಂದೆ ಇದ್ದರೆ ವಾಲಿದ್ದು ಇನ್ನೂ ವಾಲುತ್ತದೆ, ಪಲ್ಟಿ ಹೊಡೆಯುತ್ತದೆ.

ರೆಕ್ಕೆಯ ಕೆಲಸ ಗಾಳಿಯ ಕೇಂದ್ರವನ್ನು ಹಿಂದಕ್ಕೆ ಎಳೆಯೋದು. ಪಟಾಕಿ ರಾಕೆಟ್‌ನ ಕಡ್ಡಿ ಮಾಡೋದೂ ಅದೇ ಕೆಲಸ, ಉದ್ದದ ಬಲದಿಂದ. ಕಡ್ಡಿ ಅಗ್ಗ, ಕಟ್ಟೋದು ಸುಲಭ, ಒಂದೇ ಸಲ ಬಳಸಿ ಬಿಸಾಡುವ ವಸ್ತುವಿಗೆ ಅದು ಸಾಕು. ಮೈಸೂರಿನ ಹೈದರ್, ಟಿಪ್ಪು ಕಾಲದ ರಾಕೆಟ್‌ಗಳೂ ಹೀಗೇ. ಕಬ್ಬಿಣದ ಕೊಳವೆಗೆ ಉದ್ದ ಬಿದಿರು ಕಟ್ಟುತ್ತಿದ್ದರು. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ, ಹಳೆ ಬಾವಿಯೊಂದರಿಂದ ಅಂಥ ಸಾವಿರಕ್ಕೂ ಜಾಸ್ತಿ ಕಬ್ಬಿಣದ ಕೊಳವೆಗಳು ಸಿಕ್ಕವು. ರಜೆಗೆ ಊರಿಗೆ ಬಂದಾಗ ನಿಮ್ಮ ಮಗಳಿಗೆ ಆ ಊರನ್ನೊಮ್ಮೆ ತೋರಿಸಿ, ಖಂಡಿತ ಇಷ್ಟಪಡುತ್ತಾಳೆ.

ನನ್ನದೂ ಒಂದು ಪ್ರಶ್ನೆ. ಈ ಕಿಟ್ ಮತ್ತು ಮೋಟಾರ್ ಅಲ್ಲಿಂದ ಬರುವವರು ಯಾರಾದರೂ ತಂದುಕೊಡೋದಕ್ಕೆ ಆಗುತ್ತದಾ? ನಮ್ಮ ಮಕ್ಕಳಿಗೂ ಮಾಡಿಸಬೇಕು ಅಂತ ತುಂಬ ಆಸೆ.

ಪ್ಲೇನೋ_ಇಂಜಿನಿಯರ್

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಅದಕ್ಕೆ ಒಂದು ಪರೀಕ್ಷೆ ಸೇರಿಸುತ್ತೇನೆ. ಅರೋರಾ ಅವರೇ, ರಾಕೆಟ್ ಪೂರ್ತಿ ಸಿದ್ಧವಾದ ಮೇಲೆ ಒಳಗೆ ಮೋಟಾರ್, ಪ್ಯಾರಾಶೂಟ್ ಎಲ್ಲ ಇಟ್ಟು, ತೂಕದ ಕೇಂದ್ರದಲ್ಲಿ ದಾರ ಕಟ್ಟಿ ಟೇಪ್ ಹಾಕಿ. ಎರಡು ಮೂರು ಮೀಟರ್ ದಾರ ಹಿಡಿದು ತಲೆಯ ಮೇಲೆ ವೃತ್ತಾಕಾರವಾಗಿ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ರಾಕೆಟ್ ಸ್ಥಿರ. ಕಿಟ್‌ನಂತೆಯೇ ಕಟ್ಟಿದ ಆಲ್ಫಾಗೆ ಈ ಪರೀಕ್ಷೆ ಬೇಕಾಗೋದಿಲ್ಲ, ಆದರೆ ಮಗಳಿಗೆ ಮೇಷ್ಟ್ರ ಮಾತು ಕಣ್ಣಾರೆ ಕಾಣುತ್ತದೆ. ಸಾಮಾನ್ಯ ಲೆಕ್ಕ ಏನಂದರೆ, ತೂಕದ ಕೇಂದ್ರ ಗಾಳಿಯ ಕೇಂದ್ರಕ್ಕಿಂತ ಕಮ್ಮಿ ಅಂದರೂ ಒಂದು ಕೊಳವೆ ವ್ಯಾಸದಷ್ಟು ಮುಂದೆ ಇರಬೇಕು. ಮುಂದೆ ಅವಳೇ ವಿನ್ಯಾಸ ಮಾಡುವಾಗ ಓಪನ್‌ರಾಕೆಟ್ ಅನ್ನುವ ಉಚಿತ ಸಾಫ್ಟ್‌ವೇರ್ ಈ ಲೆಕ್ಕ ಮಾಡಿಕೊಡುತ್ತದೆ.

ತಂದುಕೊಡುವ ವಿಷಯ: ಮೋಟಾರ್ ವಿಮಾನದಲ್ಲಿ ತರೋ ಹಾಗಿಲ್ಲ ಮೇಷ್ಟ್ರೇ. ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಭಾರತದಲ್ಲಿ ಸ್ಫೋಟಕ ವಸ್ತುಗಳಿಗೆ 1884ರ ಕಾಯ್ದೆ, 2008ರ ನಿಯಮಗಳು ಇವೆ. ಅದರ ಮುಂದೆ ಮಕ್ಕಳ ಆಟ ಅನ್ನುವ ಮಾತು ನಡೆಯೋದಿಲ್ಲ. ರಟ್ಟು, ಬಾಲ್ಸಾ, ಪ್ಯಾರಾಶೂಟ್ ಇರುವ ಖಾಲಿ ಕಿಟ್ ಬೇರೆ ಮಾತು, ಅದನ್ನು ಬೇಕಾದರೆ ತರಬಹುದು.

ಟೆಂತ್_ಹುಡುಗ_ಹುಬ್ಬಳ್ಳಿ

ಅಣ್ಣಾ, ಮೋಟಾರ್ ಮನೆಯಲ್ಲೇ ಮಾಡಬಹುದಲ್ವಾ? ವಿಡಿಯೋದಲ್ಲಿ ತೋರಿಸ್ತಾರೆ. ಪಟಾಕಿ ಮದ್ದು ತೆಗೆದು ಪೈಪಿಗೆ ತುಂಬಿದರೆ ಆಗಲ್ವಾ?

ಟ್ರಾಯ್_ಮಲ್ನಾಡು

ಬೇಡ ತಮ್ಮಾ. ಪಟಾಕಿ ಬಿಚ್ಚಬೇಡ, ಪೈಪಿಗೆ ಏನನ್ನೂ ತುಂಬಬೇಡ. ಕೇಳಿದ್ದು ಒಳ್ಳೇದಾಯ್ತು, ಯಾಕೆ ಬೇಡ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಹವ್ಯಾಸ ಹುಟ್ಟಿದ್ದೇ ನಿನ್ನ ಪ್ರಶ್ನೆಯಿಂದ. 1957ರಲ್ಲಿ ಸ್ಪುಟ್ನಿಕ್ ಹಾರಿದ ಹೊತ್ತಿಗೆ ಅಮೆರಿಕದ ಹುಡುಗರಿಗೆಲ್ಲ ರಾಕೆಟ್ ಹುಚ್ಚು. ಗ್ಯಾರೇಜಿನಲ್ಲಿ ಪೈಪಿಗೆ ಸಿಕ್ಕಿದ್ದು ತುಂಬಿ ಹಚ್ಚುತ್ತಿದ್ದರು. ಕೈ, ಕಣ್ಣು ಕಳೆದುಕೊಂಡವರಿದ್ದರು, ಪ್ರಾಣ ಹೋದವರೂ ಇದ್ದರು. ಹ್ಯಾರಿ ಸ್ಟೈನ್ ಅನ್ನುವ ಇಂಜಿನಿಯರ್, ವೈಟ್ ಸ್ಯಾಂಡ್ಸ್ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರು, ಈ ಅಪಾಯದ ಬಗ್ಗೆ ಆ ವರ್ಷ ಒಂದು ಪತ್ರಿಕೆಗೆ ಲೇಖನ ಬರೆದರು. ಅದನ್ನು ನೆಬ್ರಾಸ್ಕಾದ ನಾರ್ಫೋಕ್ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಓದಿದರು. ಅವರು ತಮ್ಮ ಅಣ್ಣತಮ್ಮನ ಜೊತೆ ಸೇರಿ 1954ರಲ್ಲೇ ಹಗುರ ರಟ್ಟು, ಬಾಲ್ಸಾಗಳಲ್ಲಿ ಪುಟ್ಟ ರಾಕೆಟ್ ಮಾಡಿದ್ದರು. ಸಿದ್ಧ ಮೋಟಾರ್ ಸಿಕ್ಕಿಸಿ ಹಾರಿಸೋದು, ಪ್ಯಾರಾಶೂಟ್‌ನಲ್ಲಿ ಇಳಿಸೋದು. ಅದರ ಮಾದರಿಗಳನ್ನು ಸ್ಟೈನ್‌ಗೆ ಕಳಿಸಿದರು. ಅಲ್ಲಿಂದ ಶುರುವಾಯಿತು. ಅದೇ ವರ್ಷ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಹುಟ್ಟಿತು.

ಮೋಟಾರ್ ಸಾಲದೆ ಬಂದಾಗ ಡೆನ್ವರ್‌ನ ವರ್ನ್ ಎಸ್ಟೆಸ್ 1958ರಲ್ಲಿ ಒಂದು ಯಂತ್ರ ಕಟ್ಟಿದರು. ಅದಕ್ಕೆ ಮೇಬಲ್ ಅಂತ ಹೆಸರು. ಕೆಲವೇ ಸೆಕೆಂಡಿಗೆ ಒಂದರಂತೆ, ಎಲ್ಲವೂ ಒಂದೇ ಅಳತೆಯ ಮೋಟಾರ್ ಮಾಡುತ್ತಿತ್ತು. 1961ರಲ್ಲಿ ಕಂಪನಿ ಪೆನ್‌ರೋಸ್ ಅನ್ನುವ ಊರಿಗೆ ಹೋಯಿತು. ಅರೋರಾ ಅಕ್ಕನ ಮನೆಯಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಅವರ ಮೇಜಿನ ಮೇಲಿರೋದು ಅದೇ ಕಂಪನಿಯ ಕಿಟ್.

ಮದ್ದನ್ನು ಮನುಷ್ಯರು ಕೈಯಲ್ಲಿ ತುಂಬಬಾರದು ಅನ್ನೋದೇ ಈ ಹವ್ಯಾಸದ ಮೊದಲ ನಿಯಮ. ಒತ್ತಡ ಒಂದು ಚೂರು ಹೆಚ್ಚು ಕಮ್ಮಿ ಆದರೆ, ಒಳಗೆ ಒಂದು ಸಣ್ಣ ಬಿರುಕು ಇದ್ದರೆ, ಅದು ರಾಕೆಟ್ ಅಲ್ಲ, ಬಾಂಬ್. ಲೋಹದ ಪೈಪ್ ಆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಮಾಡೆಲ್ ರಾಕೆಟ್ ಪೂರ್ತಿ ರಟ್ಟು, ಮರ, ತೆಳು ಪ್ಲಾಸ್ಟಿಕ್‌ನಲ್ಲೇ ಇರೋದು ಇದಕ್ಕೆ. ನಿನಗೆ ರಾಕೆಟ್ ಬೇಕು ಅಂದರೆ ದಾರಿ ಇದೆ. ಮೇಷ್ಟ್ರಿಗೂ ನಿನಗೂ ಕೆಳಗೆ ಯಾರಾದರೂ ನೀರಿನ ರಾಕೆಟ್ ಬಗ್ಗೆ ಬರೆಯುತ್ತಾರೆ, ಓದು.

ಎಡಿಸನ್_ಗಾಳಿಪಟ

ನೀರಿನ ರಾಕೆಟ್ ನಾನು ಬರೆಯುತ್ತೇನೆ. ಕನ್ನಡ ಶಾಲೆಯಲ್ಲಿ ಅದನ್ನೂ ಮಾಡಿಸುತ್ತೇವೆ.

ಬಾಟಲಿ ಸೋಡಾ, ಕೋಲಾ ಥರ ಗ್ಯಾಸ್ ಇರುವ ಪಾನೀಯದ್ದೇ ಆಗಬೇಕು. ಅದು ಒತ್ತಡ ತಡೆಯುವ ಹಾಗೆ ಮಾಡಿರುತ್ತದೆ. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗೀರು ಬಿದ್ದದ್ದು, ನೆಗ್ಗಿದ್ದು ಬೇಡ. ಮೂರರಲ್ಲಿ ಒಂದು ಭಾಗ ನೀರು ಹಾಕಿ. ಬಿಗಿಯಾದ ರಬ್ಬರ್ ಬಿರಡೆಗೆ ತೂತು ಕೊರೆದು ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ. ಬಾಟಲಿ ತಲೆಕೆಳಗಾಗಿ ಸ್ಟ್ಯಾಂಡಿನಲ್ಲಿ ನಿಲ್ಲಲಿ. ಉದ್ದ ಪೈಪ್ ಹಾಕಿ ದೂರದಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯಿರಿ. ಒತ್ತಡ ಸಾಕಾದಾಗ ಬಿರಡೆ ತಾನೇ ಕಳಚಿ, ನೀರು ಹಿಂದಕ್ಕೆ ಚಿಮ್ಮಿ, ಬಾಟಲಿ ಮೇಲಕ್ಕೆ ಹೋಗುತ್ತದೆ. ಬಿರಡೆ ಕಳಚದೇ ಇದ್ದರೆ ಬಾಟಲಿಯ ಮೇಲೆ ಬಾಗಿ ನೋಡಬೇಡಿ, ಪಂಪಿನ ಕಡೆಯಿಂದಲೇ ಗಾಳಿ ಬಿಟ್ಟು ಆಮೇಲೆ ಹತ್ತಿರ ಹೋಗಿ.

ರೆಕ್ಕೆಗೆ ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಶೀಟಿನ ತುಂಡು ಬಹಳ ಚೆನ್ನಾಗಿರುತ್ತದೆ. ಮೂತಿಯ ಕಡೆ ಸ್ವಲ್ಪ ಜೇಡಿಮಣ್ಣು ಇಟ್ಟರೆ ತೂಕದ ಕೇಂದ್ರ ಮುಂದಕ್ಕೆ ಬರುತ್ತದೆ. ಮೇಷ್ಟ್ರು ಮೇಲೆ ಬರೆದ ಪಾಠ ಪೂರ್ತಿ ಇದರಲ್ಲೇ ಮಾಡಬಹುದು. ನೀರು ಹಾಕದೆ ಒಮ್ಮೆ, ಮೂರನೇ ಒಂದು ಭಾಗ ಹಾಕಿ ಒಮ್ಮೆ, ಪೂರ್ತಿ ತುಂಬಿ ಒಮ್ಮೆ ಹಾರಿಸಿದರೆ ಮಕ್ಕಳೇ ಕಾರಣ ಹುಡುಕುತ್ತಾರೆ.

ದಾವಣಗೆರೆ_ಮೇಷ್ಟ್ರು

ಬಹಳ ಉಪಕಾರ ಸರ್. ಸನ್‌ಪ್ಯಾಕ್ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಎಷ್ಟು ಎತ್ತರ ಹೋಯಿತು ಅಂತ ಅಳೆಯೋದಕ್ಕೆ ನಾನು ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿಸುತ್ತೇನೆ. ಹಾರಿಸುವ ಜಾಗದಿಂದ ಗೊತ್ತಿರುವ ದೂರದಲ್ಲಿ ಒಬ್ಬ ಹುಡುಗ ನಿಂತು, ರಾಕೆಟ್ ತುದಿ ಮುಟ್ಟಿದಾಗ ಕೋನ ನೋಡಲಿ. ಆ ಕೋನದ ಟ್ಯಾನ್‌ಗೆ ದೂರ ಗುಣಿಸಿ ತನ್ನ ಕಣ್ಣಿನ ಎತ್ತರ ಕೂಡಿಸಿದರೆ ಆಯ್ತು. 45 ಡಿಗ್ರಿ ಬಂದರೆ, ಕಣ್ಣಿನ ಎತ್ತರ ಕೂಡಿಸುವ ಮೊದಲು, ಎತ್ತರವೂ ದೂರವೂ ಒಂದೇ. ಹತ್ತನೇ ತರಗತಿಯ ತ್ರಿಕೋನಮಿತಿ ಇದಕ್ಕಿಂತ ಚೆನ್ನಾಗಿ ಹೇಳಿಕೊಡೋದು ಹೇಗೆ ಅಂತ ನನಗೆ ಕಾಣೋದಿಲ್ಲ. ಅರೋರಾ ಅಮ್ಮನವರೂ ಆಲ್ಫಾಗೆ ಇದನ್ನೇ ಬಳಸಬಹುದು.

ಅರೋರಾ_ಅಮ್ಮ

ಖಂಡಿತ ಮಾಡುತ್ತೇವೆ ಸರ್. ಫಿಲೆಟ್ ಕೂಡ ಒಣಗಿದೆ. ಈಗ ಪೇಂಟ್, ಪ್ಯಾರಾಶೂಟ್, ಮತ್ತೆ ಹಾರಿಸೋದು ಉಳಿದಿದೆ. ಎಲಾಸ್ಟಿಕ್ ದಾರ ತುಂಬ ಗಿಡ್ಡ ಅನ್ನಿಸುತ್ತಿದೆ, ಹಾಗೇ ಬಿಡಲಾ?

ಟ್ರಾಯ್_ಮಲ್ನಾಡು

ಅನುಮಾನ ಸರಿಯಾಗಿದೆ ಅಕ್ಕ. ರಾಕೆಟ್‌ನ ಎರಡು ಮೂರು ಪಟ್ಟು ಉದ್ದದ ಎಲಾಸ್ಟಿಕ್ ಹಾಕಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಚಪ್ಪಟೆ ಎಲಾಸ್ಟಿಕ್ ಆಗುತ್ತದೆ. ಗಿಡ್ಡ ಇದ್ದರೆ ಮೂತಿ ಹಾರಿ, ಎಳೆದು, ವಾಪಸ್ ಬಂದು ಕೊಳವೆಗೇ ಬಡಿಯುತ್ತದೆ. ಅದನ್ನು ಮಡಿಸಿದ ಕಾಗದದೊಳಗೆ ಅಂಟಿಸಿ ಕೊಳವೆಯ ಒಳಗೋಡೆಗೆ ಅಂಟಿಸುವಾಗ, ಬಾಯಿಂದ ಒಂದೂವರೆ ಇಂಚು ಕೆಳಗೆ ಹಾಕಿ. ಮೂತಿಯ ಬುಡಕ್ಕೆ ಜಾಗ ಬೇಕಲ್ವಾ.

ಪೇಂಟ್ ತೆಳ್ಳಗೆ, ಎರಡು ಮೂರು ಸಲ. ಲಾಂಚ್ ಲಗ್ ಒಳಗೆ ಹೋಗದಂತೆ ಟೇಪ್ ಹಾಕಿ. ದಪ್ಪ ಬಣ್ಣ ಅಂದರೆ ಸುಮ್ನೆ ತೂಕ.

ಪ್ಯಾರಾಶೂಟ್ ಕೆಳಗೆ ವ್ಯಾಡಿಂಗ್ ಅನ್ನುವ ಬೆಂಕಿ ಹಿಡಿಯದ ಕಾಗದ ಬರಬೇಕು. ಮೂರು ನಾಲ್ಕು ಹಾಳೆ ಸಡಿಲವಾಗಿ ಮುದುಡಿ ಇಡಿ. ಮನೆಯ ಟಿಶ್ಯೂ ಪೇಪರ್ ಬೇಡ, ಅದು ಹೊತ್ತಿಕೊಂಡು ಹುಲ್ಲಿನ ಮೇಲೆ ಬೀಳುತ್ತದೆ. ನಿಮ್ಮ ಕಡೆ ಒಣ ಹುಲ್ಲು ಜಾಸ್ತಿ, ಇದು ತುಂಬ ಮುಖ್ಯ. ಪ್ಯಾರಾಶೂಟಿಗೆ ಟಾಲ್ಕಂ ಪೌಡರ್ ಸ್ವಲ್ಪ ಉದುರಿಸಿ ಮಡಿಸಿ, ಪ್ಲಾಸ್ಟಿಕ್ ಅಂಟಿಕೊಳ್ಳದೆ ಬಿಚ್ಚಿಕೊಳ್ಳುತ್ತದೆ. ಅದನ್ನು ಹಾರಿಸುವ ಹೊತ್ತಿಗೇ ಮಡಿಸಿ, ಹಿಂದಿನ ರಾತ್ರಿ ಅಲ್ಲ. ಮೂತಿ ಬಿಗಿಯಾಗಿದ್ದರೆ ಉಜ್ಜಿ, ಸಡಿಲವಾಗಿದ್ದರೆ ಮಾಸ್ಕಿಂಗ್ ಟೇಪ್ ಸುತ್ತಿ. ತಲೆಕೆಳಗೆ ಹಿಡಿದರೆ ಬೀಳಬಾರದು, ಮೆಲ್ಲಗೆ ಎಳೆದರೆ ಬರಬೇಕು.

ಪ್ಲೇನೋ_ಇಂಜಿನಿಯರ್

ಅನುಮತಿ ಬಗ್ಗೆ. ಒಟ್ಟು ತೂಕ 1,500 ಗ್ರಾಂ ಒಳಗೆ, ಮದ್ದು 125 ಗ್ರಾಂ ಒಳಗೆ ಇದ್ದರೆ ವಿಮಾನಯಾನ ಇಲಾಖೆಯ ಅನುಮತಿ ಬೇಕಿಲ್ಲ. ನಿಮ್ಮ ರಾಕೆಟ್ ಇದರ ಹತ್ತಿರಕ್ಕೂ ಬರೋದಿಲ್ಲ. ಆದರೆ ಮೈದಾನದ ಮಾಲೀಕರ ಒಪ್ಪಿಗೆ ಬೇಕು. ಪಾರ್ಕ್ ಆದರೆ ನಗರದ ಪಾರ್ಕ್ ಇಲಾಖೆಗೆ ಫೋನ್ ಮಾಡಿ. ಬೇಸಿಗೆಯಲ್ಲಿ ಬೆಂಕಿ ನಿಷೇಧ ಇದೆಯಾ ಅಂತಲೂ ಅವತ್ತೇ ನೋಡಿ. ಇದ್ದರೆ ಆ ದಿನ ಬಿಟ್ಟುಬಿಡಿ.

ಮೈದಾನದ ಅಳತೆ: ಎ ಮೋಟಾರಿಗೆ ಕನಿಷ್ಠ 100 ಅಡಿ, ಬಿಗೆ 200, ಸಿಗೆ 400. ಇದು ಕನಿಷ್ಠ ಅಷ್ಟೇ, ಜಾಸ್ತಿ ಇದ್ದಷ್ಟು ಒಳ್ಳೇದು. ಗಾಳಿ ಗಂಟೆಗೆ 20 ಮೈಲಿಗಿಂತ ಜಾಸ್ತಿ ಇದ್ದರೆ ಹಾರಿಸಬಾರದು. ಮಕ್ಕಳ ಜೊತೆ ಅದರ ಅರ್ಧ ಇದ್ದರೂ ನಾನು ಕಾಯುತ್ತೇನೆ. ನಿಮ್ಮಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆಯೇ ಹೋಗಿ.

ಇಗ್ನೈಟರ್ ಅಂದರೆ ಮೋಟಾರ್ ಹೊತ್ತಿಸುವ ತಂತಿ. ಅದು ನಾಜಲ್ ಒಳಗೆ ಮದ್ದಿಗೆ ತಾಗುವ ತನಕ ಹೋಗಬೇಕು, ಮೇಲೆ ಪ್ಲಾಸ್ಟಿಕ್ ಪ್ಲಗ್ ಒತ್ತಿ. ಹತ್ತದೇ ಇರೋದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಇಗ್ನೈಟರ್ ಮದ್ದಿಗೆ ತಾಗದೇ ಇರೋದು, ಇನ್ನೊಂದು ಹಾರಿಸುವ ಬಟನ್ ಇರುವ ಕಂಟ್ರೋಲರ್ ಪೆಟ್ಟಿಗೆಯ ಹಳೆ ಬ್ಯಾಟರಿ. ಕಂಟ್ರೋಲರ್‌ನ ದೀಪ ಹತ್ತಿದ ಮಾತ್ರಕ್ಕೆ ಬ್ಯಾಟರಿ ಸರಿ ಇದೆ ಅಂತಲ್ಲ, ಹೊಸ ಆಲ್ಕಲೈನ್ ಹಾಕಿ. ಆ ಪೆಟ್ಟಿಗೆಯ ಕೀಲಿ ನಿಮ್ಮ ಜೇಬಿನಲ್ಲಿರಲಿ. ಎಲ್ಲರೂ 15 ಅಡಿ ಹಿಂದೆ ಬಂದ ಮೇಲೇ ಕೀಲಿ ಹಾಕಿ, ಐದರಿಂದ ಜೋರಾಗಿ ಎಣಿಸಿ ಮಗಳು ಬಟನ್ ಒತ್ತಲಿ. ಹತ್ತದಿದ್ದರೆ ಕೀಲಿ ತೆಗೆದು ಒಂದು ನಿಮಿಷ ಪೂರ್ತಿ ಕಾದು ಆಮೇಲೆ ಹತ್ತಿರ ಹೋಗಿ. ಸಲಾಕೆಯ ತುದಿ ಕಣ್ಣಿನ ಮಟ್ಟದಲ್ಲಿ ಇರಬಾರದು, ಇದ್ದರೆ ತುದಿಗೆ ಕ್ಯಾಪ್ ಹಾಕಿಡಿ. ಬಾಗಿ ನೋಡುವ ಮಕ್ಕಳಿಗೆ ಅಪಾಯ ಇರೋದು ಅಲ್ಲೇ. ಮರಕ್ಕೆ ಸಿಕ್ಕಿದರೆ ಕೋಲಿನಲ್ಲಿ ಎಳೆಯಬಹುದು, ವಿದ್ಯುತ್ ತಂತಿಗೆ ಸಿಕ್ಕಿದರೆ ಬಿಟ್ಟುಬಿಡಬೇಕು.

ಅರೋರಾ_ಅಮ್ಮ

ಎಲ್ಲವನ್ನೂ ಬರೆದಿಟ್ಟುಕೊಂಡೆ. ನಗರದವರಿಗೆ ನಾಳೆ ಫೋನ್ ಮಾಡುತ್ತೇನೆ. ಕೊನೆಯದೊಂದು: ಮೋಟಾರ್ ಪ್ಯಾಕೆಟ್‌ನಲ್ಲಿ ಒಂದಕ್ಕಿಂತ ಜಾಸ್ತಿ ಬರುತ್ತದೆ. ಉಳಿದದ್ದನ್ನು ಎಲ್ಲಿಡಬೇಕು? ಕಾರಿನ ಡಿಕ್ಕಿಯಲ್ಲೇ ಇಟ್ಟರೆ ಅನುಕೂಲ ಅಂತ ಇವರು ಹೇಳುತ್ತಿದ್ದಾರೆ.

ಟ್ರಾಯ್_ಮಲ್ನಾಡು

ಕಾರಿನಲ್ಲಿ ಬೇಡ ಅಕ್ಕ. ಬಿಸಿಲಿಗೆ ಡಿಕ್ಕಿ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಹೀಗೆ ಕಾದು ಆರಿದರೆ ಒತ್ತಿ ತುಂಬಿದ ಮದ್ದು ಕೊಳವೆಯ ಗೋಡೆ ಬಿಟ್ಟು ಬಿರುಕು ಬಿಡುತ್ತದೆ. ಅಂಥದ್ದನ್ನು ಹಚ್ಚಿದರೆ ಒಮ್ಮೆಲೇ ಉರಿದು ಒಡೆಯುತ್ತದೆ, ನಿಮ್ಮ ಮಗಳು ಇಷ್ಟು ಕಷ್ಟಪಟ್ಟ ರೆಕ್ಕೆಗಳೂ ಹೋಗುತ್ತವೆ. ಮನೆಯೊಳಗೆ, ತಂಪಾದ ಒಣ ಜಾಗದಲ್ಲಿ, ಒಲೆ ಹೀಟರ್‌ಗಳಿಂದ ದೂರ, ಎತ್ತರದ ಕಪಾಟಿನಲ್ಲಿ ಮೂಲ ಪ್ಯಾಕೆಟ್‌ನಲ್ಲೇ ಇಡಿ. ಇಗ್ನೈಟರ್ ಬೇರೆ ಡಬ್ಬಿಯಲ್ಲಿರಲಿ. ನೆಲಕ್ಕೆ ಬಿದ್ದದ್ದು, ಕಾರಿನಲ್ಲಿ ಉಳಿದು ಕಾದದ್ದು ಇದ್ದರೆ ಹಾರಿಸಬೇಡಿ. ಬಕೆಟ್ ನೀರಿನಲ್ಲಿ ಕೊಳವೆ ಬಿಚ್ಚಿ ಮೆತ್ತಗಾಗುವ ತನಕ ನೆನೆಹಾಕಿ, ಆಮೇಲೆ ಕಸಕ್ಕೆ ಹಾಕಬಹುದು.